ಉತ್ತರಕ್ಕೆ ಬಿಟ್ಟ ಜಾಗ

ಆರ್ನೆಟಾ ಗ್ಯಾಸ್ಕಿನ್ಸ್ ಮೈಕಿನ ಮುಂದೆ ಎಂದೂ ನಟ್ಟನಡುವೆ ನಿಲ್ಲುತ್ತಿರಲಿಲ್ಲ. ಎಡಕ್ಕೆ ಒಂದು ಹೆಜ್ಜೆ ಸರಿದು, ಬಲಗಡೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲುತ್ತಿದ್ದಳು. ಆ ಜಾಗದವಳು, ಅವಳ ತಂಗಿ ಲುವೀನಿಯಾ, ಸತ್ತು ಐದು ವರ್ಷವಾದ ಮೇಲೂ ಆರ್ನೆಟಾ ಹಾಗೆಯೇ ನಿಲ್ಲುತ್ತಿದ್ದಳು. ಹೊಸಬರು ಇದನ್ನು ನೋಡಿ ಏನೋ ಗತ್ತು ಅಂದುಕೊಳ್ಳುತ್ತಿದ್ದರು.

ನಾನು ಕ್ಲೆಮಿ ರಟ್ಲೆಜ್. ಇಪ್ಪತ್ತೆರಡು ವರ್ಷ ಅವಳ ಗುಂಗುರು ತಲೆಗೂದಲನ್ನು ನೇರ ಮಾಡಿಕೊಟ್ಟವಳು. ಉತ್ತರ ಫಿಲಡೆಲ್ಫಿಯಾದಲ್ಲಿ ಟ್ರಾಮು ತಿರುಗುವ ಮೂಲೆಯಲ್ಲಿ ನನ್ನ ಅಂಗಡಿ. ಎರಡು ಕುರ್ಚಿ, ಒಂದು ಒಲೆ, ಒಲೆಯ ಮೇಲೆ ಕಾಯುವ ಕಬ್ಬಿಣದ ಬಾಚಣಿಗೆ, ಬೇಡವೆಂದರೂ ಬಾಯಿ ಮುಚ್ಚದ ಒಂದು ರೇಡಿಯೋ. ನಮ್ಮ ಬೀದಿಯ ಹೆಂಗಸರು ಪಾದ್ರಿಗೆ ಹೇಳದ್ದನ್ನೆಲ್ಲ ನನಗೆ ಹೇಳಿದ್ದಾರೆ. ಬಿಸಿ ಬಾಚಣಿಗೆ ಕಿವಿಯ ಪಕ್ಕದಲ್ಲಿರುವಾಗ ಯಾರಿಗೂ ಸುಳ್ಳು ಹೇಳುವ ಧೈರ್ಯ ಬರುವುದಿಲ್ಲ. ಆ ಅಂಗಡಿಯಲ್ಲಿ ದೊಡ್ಡ ಸುಳ್ಳು ಅಂತ ಯಾರಾದರೂ ಹೇಳಿದ್ದರೆ ಅದು ನಾನೇ, ಅದೂ ಬಾಚಣಿಗೆ ನನ್ನ ಕೈಯಲ್ಲೇ ಇದ್ದಾಗ.

ಅಕ್ಕತಂಗಿಯರಿಬ್ಬರೂ ನಮ್ಮ ಚರ್ಚಿನ ಮಕ್ಕಳು. ಅಲ್ಲಿ ಹಳೆಯ ಕೀರ್ತನೆಗಳಿಗೆ ಪುಸ್ತಕವಿಲ್ಲ. ಮುಂದೆ ನಿಂತ ಹಿರಿಯರು ಒಂದು ಸಾಲು ಎತ್ತುತ್ತಾರೆ, ಉಳಿದವರೆಲ್ಲ ಅದನ್ನು ಎಳೆದು ಎಳೆದು ಓಗೊಡುತ್ತಾರೆ. ಕೊನೆಯ ಬೆಂಚಿನಲ್ಲಿ ಕೂತ ಮುದುಕಿಯ ಉಸಿರು ಮುಗಿಯುವವರೆಗೆ ಮುಂದಿನ ಸಾಲು ಎತ್ತುವಂತಿಲ್ಲ. ಎತ್ತಿದರೆ ಯಾರೂ ಬೈಯುವುದಿಲ್ಲ, ಆದರೆ ಊಟಕ್ಕೆ ಕೂತವರ ಎಲೆ ಎಳೆದ ಹಾಗೆ ಅದು. ಆರು ವರ್ಷದ ಮಗುವಿಗೂ ಇಷ್ಟು ಗೊತ್ತಿರುತ್ತದೆ. ಆರ್ನೆಟಾ ಎತ್ತುವವಳು, ನಾವು ವೀನಿ ಎಂದು ಕರೆಯುತ್ತಿದ್ದ ಲುವೀನಿಯಾ ಓಗೊಡುವವಳು. ದೊಡ್ಡವರಾಗಿ ದೇವರ ಹಾಡು ಬಿಟ್ಟು ಪ್ರೀತಿ, ಅಗಲಿಕೆಯ ಸೋಲ್ ಹಾಡು ಹಾಡಲು ಹೊರಟಾಗಲೂ ಅದೇ ಏರ್ಪಾಡು ನಡೆಯಿತು. ಒಂದೇ ಮೈಕು, ಎಡಕ್ಕೆ ಅಕ್ಕ, ಬಲಕ್ಕೆ ತಂಗಿ.

ಅರವತ್ತನಾಲ್ಕರಲ್ಲಿ ಅವರ ಒಂದು ಹಾಡು ನಮ್ಮ ಊರಿನಿಂದ ಬಾಲ್ಟಿಮೋರ್‌ವರೆಗೆ ಎಲ್ಲ ಕಡೆ ಓಡಿತು. ಹಾಡಿನಲ್ಲಿ ಹೆಚ್ಚೇನೂ ಇರಲಿಲ್ಲ. ಮನೆ ಬಿಟ್ಟು ಹೋದವಳು ತಿರುಗಿ ಬಂದು ಕದ ತಟ್ಟುತ್ತಾಳೆ. ಒಳಗಿನವಳು "ಬಾಗಿಲಲ್ಲಿ ಯಾರು?" ಎಂದು ಕೇಳುತ್ತಾಳೆ. ಹೊರಗಿನವಳು "ನಾನೇ ಕಣೇ, ತೆಗಿ" ಅನ್ನುತ್ತಾಳೆ. ಕೇಳುವವಳು ಆರ್ನೆಟಾ, ಅನ್ನುವವಳು ವೀನಿ. ಆ ಮೂರು ಮಾತನ್ನು ವೀನಿ ಎಷ್ಟು ಮೆತ್ತಗೆ ಹೇಳುತ್ತಿದ್ದಳೆಂದರೆ, ಕೇಳಿದವರಿಗೆ ತಮ್ಮ ಮನೆಯ ಬಾಗಿಲು ನೆನಪಾಗುತ್ತಿತ್ತು. ನನ್ನ ಗಂಡ ಕಲ್ಲುಮನಸ್ಸಿನವನು, ಅವನೂ ಅಲ್ಲಿಗೆ ಬಂದಾಗ ಮೂಗು ಒರೆಸಿಕೊಳ್ಳುತ್ತಿದ್ದ.

ಎಪ್ಪತ್ತೊಂದರ ನವೆಂಬರಿನಲ್ಲಿ ಒಂದು ಪತ್ರಿಕೆ ಬರೆಯಿತು: ಗ್ಯಾಸ್ಕಿನ್ಸ್ ಸೋದರಿಯರಲ್ಲಿ ಹಾಡುವುದು ಅಕ್ಕ, ಆದರೆ ಕೇಳಬೇಕಾದ್ದು ತಂಗಿಯನ್ನು. ಆರ್ನೆಟಾ ಅದನ್ನು ಓದಿ ನಕ್ಕಳು. ಓದಿದ್ದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಾಗಲೇ ನನಗೆ ತಿಳಿಯಬೇಕಿತ್ತು. ಮುಂದಿನ ಶನಿವಾರ ಬಾಲ್ಟಿಮೋರಿನಲ್ಲಿ ಕಾರ್ಯಕ್ರಮ. ನಾನು ಪರದೆಯ ಅಂಚಿನಲ್ಲಿ ಪೌಡರು, ಬಾಚಣಿಗೆ ಹಿಡಿದು ನಿಂತಿದ್ದೆ. ಆರ್ನೆಟಾ "ಬಾಗಿಲಲ್ಲಿ ಯಾರು?" ಎಂದಳು. ವೀನಿ ಉಸಿರು ಎಳೆದುಕೊಂಡಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಆರ್ನೆಟಾ ಮುಂದಿನ ಸಾಲು ಎತ್ತಿಬಿಟ್ಟಳು. ಜನ ಇದೇನೋ ಹೊಸ ವರಸೆ ಎಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎರಡನೇ ಸಲವೂ ಹಾಗೆಯೇ ಮಾಡಿದಳು, ಆಗ ನನ್ನ ಕೈ ನಿಂತಿತು. ಮೂರನೇ ಸಲ ವೀನಿ ಕಾಯಲಿಲ್ಲ. ಅಕ್ಕನ ದನಿಯ ಅಡಿಯಲ್ಲೇ, ಅಕ್ಕನ ಮುಖ ನೋಡುತ್ತಾ, "ನಾನೇ ಕಣೇ, ತೆಗಿ" ಎಂದು ಪೂರ್ತಿ ಹಾಡಿದಳು. ಆರ್ನೆಟಾ ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದಳು. ವೀನಿಯ ಹಾಡು ಕೇಳಿಸಿದ್ದು ಪರದೆಯ ಹಿಂದಿದ್ದ ನನಗೊಬ್ಬಳಿಗೆ.

ಊರಿಗೆ ವಾಪಸು ಬರುವಾಗ ಕಾರಿನಲ್ಲಿ ಆರ್ನೆಟಾ ಮುಂದಿನ ಸೀಟಿನಲ್ಲಿ ಕೂತಳು, ನಾವಿಬ್ಬರು ಹಿಂದೆ. ವೀನಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಚಿಕ್ಕಂದಿನ ಜ್ವರದಿಂದ ಅವಳ ಹೃದಯ ಸೋತಿತ್ತು, ಡಾಕ್ಟರು ಎಂದೋ ಹೇಳಿದ್ದರು. ಮಂಗಳವಾರ ಬೆಳಿಗ್ಗೆ ಅವಳು ಏಳಲಿಲ್ಲ.

ಮಣ್ಣು ಮಾಡಿ ಹತ್ತು ದಿನಕ್ಕೆ ಆರ್ನೆಟಾ ನನ್ನ ಕುರ್ಚಿಯಲ್ಲಿ ಕೂತಳು.

"ಕ್ಲೆಮಿ, ನೀನು ಪಕ್ಕದಲ್ಲೇ ನಿಂತಿದ್ದೆ. ಸುಳ್ಳು ಹೇಳ್ಬೇಡ. ಅವತ್ತು ವೀನಿ ಹಾಡಿದ್ಲಾ?"

ನಾನು ಬಾಚಣಿಗೆಯನ್ನು ಬಟ್ಟೆಗೆ ಒರೆಸಿದೆ. ತಂಗಿ ಹಾಡಿದಳು, ನೀನು ಅವಳ ಮೇಲೆ ಕಾಲಿಟ್ಟು ಹೋದೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲ ಕಣೇ. ಸುಮ್ನೆ ನಿಂತಿದ್ಲು."

"ಒಂದ್ಸಲಾನೂ ಇಲ್ವಾ?"

"ಬಾಯೇ ತೆರೀಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳ ನೋವು ಕಡಿಮೆಯಾಗಲಿ ಎಂದು ಆಡಿದ ಮಾತು ಅದು. ಅವಳು ತಿಳಿದುಕೊಂಡದ್ದೇ ಬೇರೆ. ತಂಗಿ ಸಿಟ್ಟಿನಿಂದ ಬಾಯಿ ಕಟ್ಟಿಕೊಂಡು ಹೋಗಿದ್ದಾಳೆ, ಒಂದಲ್ಲ ಒಂದು ದಿನ ಉತ್ತರ ಕೊಡಲು ಬಂದೇ ಬರುತ್ತಾಳೆ ಎಂದುಕೊಂಡಳು. ಅವತ್ತಿನಿಂದ ಎಲ್ಲಿ ಹಾಡಿದರೂ "ಬಾಗಿಲಲ್ಲಿ ಯಾರು?" ಎಂದು ಕೇಳಿ, ಬಲಗಡೆ ತಿರುಗಿ, ಒಂದು ಉತ್ತರ ಹಿಡಿಯುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಉಳಿದ ಹಾಡುಗಳಿಗೂ ಅದೇ ಚಾಳಿ ಹತ್ತಿತು.

"ಉಸಿರು ಎಳ್ಕೊಳ್ಳೋದು ಕೇಳ್ಸುತ್ತೆ ಕ್ಲೆಮಿ," ಎಂದು ಒಮ್ಮೆ ಹೇಳಿದಳು. "ಹಾಡೋಕೆ ಮುಂಚೆ ಎಳ್ಕೋತಿದ್ಲಲ್ಲ, ಅದು. ಅಷ್ಟೇ. ಆಮೇಲೆ ಏನೂ ಇಲ್ಲ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಸುಳ್ಳಿಗೂ ಎರಡು ವರ್ಷ ವಯಸ್ಸಾಗಿತ್ತು.

ವಾದ್ಯದವರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಸೋಲ್ ಕೇಳುವವರೂ ಕಡಿಮೆಯಾದರು. ಆರ್ನೆಟಾ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದಳು. ಆಗಲೇ, ಎಪ್ಪತ್ತಾರರ ಬೇಸಿಗೆಯಲ್ಲಿ, ಥರ್ಮನ್ ಬೈನಮ್ ನನ್ನ ಅಂಗಡಿಗೆ ಅವಳನ್ನು ಹುಡುಕಿಕೊಂಡು ಬಂದ. ನಮ್ಮ ಚರ್ಚಿನಲ್ಲೇ ಆರ್ಗನ್ ನುಡಿಸಿ ಬೆಳೆದವನು, ಈಗ ಡಿಸ್ಕೋ ಹಾಡುಗಳಿಗೆ ವಾದ್ಯ ಜೋಡಿಸುವ ದೊಡ್ಡ ಮನುಷ್ಯ. ಅಂಗಡಿಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ.

"ಮಿಸ್ ಆರ್ನೆಟಾ, ಆ ಬಾಗಿಲು ಹಾಡನ್ನ ಮತ್ತೆ ಮಾಡೋಣ. ಡಿಸ್ಕೋ ಮಾಡಿ ಕೊಡ್ತೀನಿ. ಇಡೀ ದೇಶ ಕುಣಿಯುತ್ತೆ."

"ಡಿಸ್ಕೋನಾ? ಅದು ಹೊಲಿಗೆ ಮಿಷನ್ ಥರ ಹೊಡ್ಕೋತಾನೇ ಇರುತ್ತಲ್ಲೋ. ಎಲ್ಲಿ ನಿಲ್ಲುತ್ತೆ?"

"ನಿಲ್ಲಲ್ಲ, ಅದೇ ಮಜಾ."

"ಕನ್ನಡಕ ತೆಗಿಯೋ ಥರ್ಮನ್," ಎಂದೆ ನಾನು. "ಒಳಗೆ ಬಿಸಿಲಿಲ್ಲ. ನಿಮ್ಮಮ್ಮ ನೋಡಿದ್ರೆ ಕಿವಿ ಹಿಂಡ್ತಿದ್ಲು."

ಅವನು ತೆಗೆದ. ಒಳಗಿದ್ದದ್ದು ಅದೇ ಹಳೆಯ ಹುಡುಗುಕಣ್ಣು. ಆರ್ನೆಟಾ ಅದನ್ನು ನೋಡಿಯೇ ಒಪ್ಪಿದಳೋ ಏನೋ. "ಉತ್ತರದ ಜಾಗ ಖಾಲಿ ಬಿಡ್ಬೇಕು. ಬೇರೆ ಯಾವ ಹುಡುಗೀನೂ ಅಲ್ಲಿ ಹಾಡ್ಬಾರ್ದು," ಎಂದು ಒಂದೇ ಷರತ್ತು ಹಾಕಿದಳು. ಅವನು ತಲೆಯಾಡಿಸಿದ. ನನಗೆ ಮಾತ್ರ ಆಮೇಲೆ ಹೇಳಿದಳು, "ಇಡೀ ದೇಶದಲ್ಲಿ ಕೇಳಿಸಿದ್ರೆ ಅವಳಿಗೂ ಕೇಳ್ಸುತ್ತೆ, ಅಲ್ವಾ?" ನಾನು ಒಲೆಯ ಕಡೆ ತಿರುಗಿದೆ.

ಸುದ್ದಿ ಹಬ್ಬಿತು. ಚರ್ಚಿನ ಹಿರಿಯಳು ಮದರ್ ಪರ್ಡಿ ಬೀಸಣಿಗೆ ಆಡಿಸುತ್ತಾ, "ಸೈತಾನನಿಗೆ ಹಾಡಿದ್ದು ಸಾಲ್ದು ಅಂತ ಈಗ ಅವನ ಜೊತೆ ಕುಣಿಯೋಕೂ ಹೊರಟ್ಲಾ?" ಎಂದರು. ಆರ್ನೆಟಾ, "ನೀವೂ ಬನ್ನಿ ಮದರ್, ಸೊಂಟ ಸಡಿಲ ಆಗುತ್ತೆ," ಎಂದಳು. ಮದರ್ ಪರ್ಡಿ ಬೀಸಣಿಗೆಯ ಹಿಂದೆ ನಕ್ಕಿದ್ದನ್ನು ನಾನು ಕಂಡೆ. ಆರ್ನೆಟಾ ತಮಾಷೆ ಮಾಡಿ ಎಷ್ಟು ದಿನವಾಗಿತ್ತೋ.

ಹಾಡು ಮುದ್ರಿಸುವ ದಿನ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಹಿಂದೆ ಹೀಗಿರಲಿಲ್ಲ. ಆಗ ಡ್ರಮ್ಮು, ಗಿಟಾರು, ಅಕ್ಕ, ತಂಗಿ ಎಲ್ಲ ಒಂದೇ ಕೋಣೆಯಲ್ಲಿ ಒಬ್ಬರ ಬೆವರು ಒಬ್ಬರಿಗೆ ತಾಗುವಂತೆ ನಿಂತು ಹಾಡುತ್ತಿದ್ದರು. ಈಗ ಡ್ರಮ್ಮಿನವನು ಹೋದ ವಾರವೇ ಬಾರಿಸಿ ಹೋಗಿದ್ದ. ಪಿಟೀಲಿನವರು ಮುಂದಿನ ವಾರ ಬರುವವರು. ಆರ್ನೆಟಾ ಒಬ್ಬಳನ್ನೇ ಗಾಜಿನ ಕೋಣೆಗೆ ಕಳಿಸಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿದರು.

"ಮಿಸ್ ಆರ್ನೆಟಾ, ಸ್ವಲ್ಪ ಬಲಕ್ಕೆ. ಮೈಕಿನ ಎದುರಿಗೆ ಬನ್ನಿ," ಎಂದ ಥರ್ಮನ್.

"ನಾನು ನಿಂತಿರೋ ಜಾಗ ಸರಿಯಾಗೇ ಇದೆ. ಮೈಕನ್ನೇ ಈ ಕಡೆ ತಿರುಗಿಸು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ನಾನು ರೇಗಿಸಿದೆ. ಅವಳು ನಗಲಿಲ್ಲ. ಮೈಕು ತಿರುಗಿಸಿದರು. ಡ್ರಮ್ಮು ಶುರುವಾಯಿತು, ದುಡುದುಡು ದುಡುದುಡು, ಒಂದೇ ಸಮ. ಆರ್ನೆಟಾ ಹಾಡಿದಳು. ದೇವರಾಣೆ, ಅಷ್ಟು ಚೆನ್ನಾಗಿ ಅವಳು ಎಂದೂ ಹಾಡಿರಲಿಲ್ಲ. "ಬಾಗಿಲಲ್ಲಿ ಯಾರು?" ಎಂದು ಕೇಳಿ, ಬಲಕ್ಕೆ ತಿರುಗಿ ನಿಂತಳು. ಹಿಂದೆ ಆ ಜಾಗದಲ್ಲಿ ಮೌನವಿರುತ್ತಿತ್ತು. ಈಗ ಡ್ರಮ್ಮು ಅವಳಿಗಾಗಿ ನಿಲ್ಲಲಿಲ್ಲ, ಹೊಡೆದುಕೊಳ್ಳುತ್ತಲೇ ಇತ್ತು. ಯಾರೋ ಕದ ತಟ್ಟುತ್ತಿರುವ ಹಾಗೆಯೇ ಇತ್ತು ಅದು. ಆರ್ನೆಟಾಳ ಮುಖ ಬೆಳಗಿದ್ದನ್ನು ನಾನು ಗಾಜಿನಾಚೆಯಿಂದ ನೋಡಿದೆ.

"ಬಂದಿದ್ದಾಳೆ ಕ್ಲೆಮಿ," ಎಂದಳು ಹೊರಗೆ ಬಂದು, ನನ್ನ ಎರಡೂ ಕೈ ಹಿಡಿದು. "ಇಷ್ಟು ಹತ್ರ ಯಾವತ್ತೂ ಬಂದಿರ್ಲಿಲ್ಲ. ಇನ್ನೇನು ಹಾಡ್ತಾಳೆ." ಆ ಕೈಗಳು ಸುಡುತ್ತಿದ್ದವು. ಡಿಸ್ಕೋ ಎಂದರೆ ಮೂಗು ಮುರಿಯುತ್ತಿದ್ದವಳು ಹೋಗುವಾಗ ಮೆಟ್ಟಿಲ ಮೇಲೆ ಆ ತಾಳಕ್ಕೇ ಹೆಜ್ಜೆ ಹಾಕಿದಳು.

ಮುಂದೆ ನಡೆದದ್ದರಲ್ಲಿ ಯಾರ ಕೆಡುಕೂ ಇರಲಿಲ್ಲ. ಹಾಡನ್ನು ಕುಣಿತದ ಅಳತೆಗೆ ತರಲು ನ್ಯೂಯಾರ್ಕಿನಿಂದ ಒಬ್ಬನನ್ನು ಕರೆಸಿದ್ದರು. ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸುವುದರಲ್ಲಿ ಗಟ್ಟಿಗ. ಅವನು ನಮ್ಮ ಚರ್ಚಿನ ಬೆಂಚಿನಲ್ಲಿ ಕೂತವನಲ್ಲ. ಪ್ರಶ್ನೆಯಾದ ಮೇಲೆ ಹಾಡುಗಾರ್ತಿ ಸುಮ್ಮನಾದದ್ದನ್ನು ಕೇಳಿ, ಪಾಪ, ವಯಸ್ಸಾದವಳು, ತಾಳ ತಪ್ಪಿ ತಡವಾಗಿ ಎತ್ತಿದ್ದಾಳೆ ಅಂದುಕೊಂಡ. ಅವಳ ಮರ್ಯಾದೆ ಉಳಿಸೋಣವೆಂದು ಉತ್ತರದ ಜಾಗವನ್ನೆಲ್ಲ ಪ್ರತಿ ಸಲವೂ ನೀಟಾಗಿ ಕತ್ತರಿಸಿ ನೆಲಕ್ಕೆ ಹಾಕಿದ. ಅದರ ಮೇಲೆ ಪಿಟೀಲು ಬಂತು, ತುತ್ತೂರಿ ಬಂತು. ಥರ್ಮನ್ ಕೇಳಿದಾಗ ಎಲ್ಲ ಮುಗಿದಿತ್ತು. ಕೇಳಲು ಚೆನ್ನಾಗಿತ್ತು, ಅವನು ಸುಮ್ಮನಾದ. ಗೊತ್ತಿದ್ದೂ ಸುಮ್ಮನಾದವನ ಮೇಲೆ ನನಗೆ ಹೆಚ್ಚು ಸಿಟ್ಟು, ಆದರೆ ಆ ಸಿಟ್ಟನ್ನು ಆಡಿ ತೋರಿಸಲು ನನಗೆ ಯಾವ ಬಾಯಿ?

ಎಪ್ಪತ್ತೇಳರ ಮಾರ್ಚ್ ತಿಂಗಳ ಒಂದು ಶುಕ್ರವಾರ. ಆರ್ನೆಟಾ ನನ್ನ ಕುರ್ಚಿಯಲ್ಲಿದ್ದಳು, ಬಾಚಣಿಗೆ ಅವಳ ಕಿವಿಯ ಪಕ್ಕದಲ್ಲಿತ್ತು. ರೇಡಿಯೋದವನು ಅವಳ ಹೆಸರು ಹೇಳಿದ. ಅಂಗಡಿಯ ಹೆಂಗಸರೆಲ್ಲ ಹೋ ಎಂದರು. ಪಿಟೀಲುಗಳು ಎದ್ದವು, ಅವಳ ದನಿ ಬಂತು. "ಬಾಗಿಲಲ್ಲಿ ಯಾರು?" ಎಂದಿತು. ಉಸಿರು ಎಳೆಯುವಷ್ಟೂ ಬಿಡುವಿಲ್ಲದೆ ಮುಂದಿನ ಸಾಲಿನ ಮೇಲೆ ಬಿತ್ತು. ಆರ್ನೆಟಾ ಥಟ್ಟನೆ ತಲೆ ತಿರುಗಿಸಿದಳು. ನನ್ನ ಕೈಯಿಂದ ಅವಳ ಕಿವಿ ಸುಟ್ಟಿತು. ಅವಳು ಹಾ ಎನ್ನಲಿಲ್ಲ.

"ಮತ್ತೆ ಮಾಡ್ದೆ," ಎಂದಳು. "ಕ್ಲೆಮಿ, ನಾನು ಮತ್ತೆ ಹಾಗೇ ಮಾಡ್ದೆ."

"ನೀನಲ್ಲ ಕಣೇ, ಅವ್ರು ಕತ್ತರ್ಸಿದ್ದಾರೆ—"

"ದನಿ ನಂದು."

ರೇಡಿಯೋದಲ್ಲಿ ಅವಳು ಕೇಳುತ್ತಲೇ ಇದ್ದಳು, ಬಾಗಿಲಲ್ಲಿ ಯಾರು, ಬಾಗಿಲಲ್ಲಿ ಯಾರು, ಹೊರಗಿನವಳಿಗೆ ಬಾಯಿ ತೆರೆಯಲು ಬಿಡದೆ. ಹೆಂಗಸರು ಕುರ್ಚಿಯಲ್ಲಿ ಕೂತೇ ಕುಣಿಯುತ್ತಿದ್ದರು. ನಾನು ಅವಳ ಕಿವಿಗೆ ಬೆಣ್ಣೆ ಹಚ್ಚಿದೆ. ಆ ಬೇಸಿಗೆಯಿಡೀ ಬಟ್ಟೆ ಅಂಗಡಿ, ಕಾರು, ತೆರೆದ ಕಿಟಕಿ, ಎಲ್ಲಿಂದಲೂ ಅದೇ ಹಾಡು. ಅವಳು ಲಾಂಡ್ರಿಗೆ ಹೋಗುವ ದಾರಿ ಬದಲಿಸಿದಳು. ಆ ದಾರಿಯಲ್ಲೂ ಕಿಟಕಿಗಳಿದ್ದವು. ಉಸಿರು ಎಳೆಯುವ ಸದ್ದೂ ಈಗ ಕೇಳುತ್ತಿಲ್ಲ ಎಂದಳು.

ಸಹಿ ಹಾಕಿದ್ದ ಕಾಗದದ ಪ್ರಕಾರ ಅವಳು ಕೆಲವು ಕಡೆ ಹೋಗಿ ಹಾಡಲೇಬೇಕಿತ್ತು. ಮೊದಲನೆಯದು ನದಿಯಾಚೆ ಕ್ಯಾಮ್ಡೆನ್‌ನಲ್ಲಿ, ಒಂದು ಸ್ಕೇಟಿಂಗ್ ಹಾಲಿನಲ್ಲಿ, ಶನಿವಾರ ಮಧ್ಯಾಹ್ನ. ಡಿಸ್ಕೋದಲ್ಲಿ ವಾದ್ಯದವರು ಬರುವುದಿಲ್ಲ. ಟೇಪು ಹಾಕುತ್ತಾರೆ, ಹಾಡಿದವಳ ದನಿಯೂ ಅದರಲ್ಲೇ ಇರುತ್ತದೆ. ಹಾಡುಗಾರ್ತಿ ಅದರ ಮೇಲೆ ಹಾಡಬೇಕು, ಇಲ್ಲವೇ ಬಾಯಿ ಆಡಿಸಿದರೂ ಸಾಕು. ಆರ್ನೆಟಾ ಬೆಳ್ಳಿಯ ಬಣ್ಣದ ಉಡುಪು ತೊಟ್ಟಿದ್ದಳು. ಮಕ್ಕಳು ಗಾಲಿಯ ಬೂಟು ಹಾಕಿಕೊಂಡು ಅವಳ ಸುತ್ತ ಗಿರಗಿರನೆ ಸುತ್ತುತ್ತಿದ್ದರು. ನಾನು ಗೋಡೆಯ ಬದಿಗೆ ನಿಂತಿದ್ದೆ.

ಟೇಪು ಶುರುವಾಯಿತು. ಅವಳು ಮೈಕಿನ ಎಡಗಡೆ ನಿಂತು ಬಾಯಿ ಮುಚ್ಚಿಕೊಂಡೇ ಇದ್ದಳು. ಸಾಲುಗಳು ತಾವಾಗಿಯೇ ಹೋದವು. "ಬಾಗಿಲಲ್ಲಿ ಯಾರು?" ಎಂಬ ಮಾತು ಬರುತ್ತಿದ್ದಂತೆ ಆರ್ನೆಟಾ ಬಲಕ್ಕೆ ಹೆಜ್ಜೆಯಿಟ್ಟಳು. ವೀನಿ ಸತ್ತಂದಿನಿಂದ ಯಾರೂ ನಿಲ್ಲದ ಜಾಗದಲ್ಲಿ ನಿಂತು, "ನಾನೇ—" ಎಂದಳು. ಅಷ್ಟರಲ್ಲಿ ಟೇಪಿನ ಆರ್ನೆಟಾ ಅವಳನ್ನು ತುಳಿದು ಮುಂದೆ ಹೋದಳು. ಎರಡನೇ ಸಲ ಮೈಕಿನ ಮುಂದಿದ್ದವಳು ಇನ್ನೂ ಬೇಗ ಎತ್ತಿದಳು. ಆಗಲೂ ಜಾಗ ಸಿಗಲಿಲ್ಲ. ಮೂರನೇ ಸಲ ಕಾಯಲಿಲ್ಲ. ಎಡಗಡೆಯ ಖಾಲಿ ಜಾಗವನ್ನೇ ನೋಡುತ್ತಾ, ಆ ದೊಡ್ಡ ದನಿಯ ಅಡಿಯಲ್ಲಿ, "ನಾನೇ ಕಣೇ, ತೆಗಿ" ಎಂದು ಪೂರ್ತಿ ಹಾಡಿದಳು. ಗಾಲಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಒಂದು ಹುಡುಗಿ ಹಾದುಹೋಗುತ್ತಾ ಕೈಬೀಸಿದಳು. ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ಆರ್ನೆಟಾಳ ಮುಖ ಅವತ್ತಿನ ವೀನಿಯ ಮುಖದ ಹಾಗೆಯೇ ಆಗಿತ್ತು.

ಬೂಟು ಜೋಡಿಸಿಡುವ ಕೋಣೆಯಲ್ಲಿ ಅವಳು ನನ್ನ ಎದುರಿಗೆ ನಿಂತಳು.

"ಜಾಗ ಇಲ್ದಿದ್ರೂ ಹಾಡದೆ ಇರೋಕೆ ಆಗಲ್ಲ ಕ್ಲೆಮಿ. ನನ್ ಕೈಲೇ ಆಗ್ಲಿಲ್ಲ, ವೀನಿ ಕೈಲಿ ಹೇಗಾಗುತ್ತೆ? ಅವತ್ತು ಅವಳು ಹಾಡಿದ್ಲು. ಅಲ್ವಾ?"

"ಹಾಡಿದ್ಲು."

"ಪೂರ್ತಿನಾ?"

"ಪೂರ್ತಿ. ನಿನ್ ಮುಖ ನೋಡ್ಕೊಂಡು."

"ಸಿಟ್ಟಿತ್ತಾ?"

ನಾನು ಬಾಯಿ ತೆರೆದೆ. ಉತ್ತರ ನನಗೆ ಗೊತ್ತಿತ್ತು, ಆದರೆ ಅಳು ನುಗ್ಗಿ ಬಂದು ಮಾತು ಹೊರಡಲಿಲ್ಲ. ಅವಳು ಕಾಯಲಿಲ್ಲ.

"ಆರು ವರ್ಷ ಬಾಗ್ಲು ತೆಗ್ದು ಕಾದೆ," ಎಂದಳು. "ಅವಳು ಅವತ್ತೇ ಬಂದು ಹೋಗಿದ್ಲು. ನೀನು ನೋಡಿದ್ದೆ." ಕೋಟು ತೆಗೆದುಕೊಂಡು ಹೊರಟಳು. ಸೇತುವೆಯ ಮೇಲೆ ನಾನು ಒಬ್ಬಳೇ ಬಸ್ಸಿನಲ್ಲಿ ಬಂದೆ.

ಆಮೇಲೆ ಅವಳು ನನ್ನ ಅಂಗಡಿಗೆ ಕಾಲಿಡಲಿಲ್ಲ. ಡಿಸ್ಕೋದ ಕರಾರು ಮುಗಿಯುವವರೆಗೂ ಟೇಪಿನ ಕೆಳಗೆ ತಂಗಿಯ ಮಾತನ್ನೇ ಹಾಡಿದಳಂತೆ, ಯಾರೂ ಗಮನಿಸಲಿಲ್ಲವಂತೆ. ಲಾಂಡ್ರಿಯಲ್ಲೇ ಮೇಲ್ವಿಚಾರಕಿಯಾದಳು. ಚರ್ಚಿನಲ್ಲಿ ನನ್ನನ್ನು ಕಂಡರೆ "ಗುಡ್ ಮಾರ್ನಿಂಗ್, ಸಿಸ್ಟರ್ ರಟ್ಲೆಜ್," ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಕ್ಲೆಮಿ ಎಂದವಳು. ಎಷ್ಟೋ ಸಲ ಅವಳ ಮನೆಯ ಮೆಟ್ಟಿಲವರೆಗೆ ಹೋಗಿ, ಕದ ತಟ್ಟದೆ ತಿರುಗಿ ಬಂದಿದ್ದೇನೆ.

ಎಂಬತ್ತೆಂಟರಲ್ಲಿ ಅವಳು ಹೋದಳು. ನಮ್ಮಲ್ಲಿ ಸತ್ತವರ ತಲೆಗೂದಲನ್ನು ಅವರು ನಂಬಿದ ಕೈಯೇ ಮಾಡಬೇಕು. ಶವ ಸಿದ್ಧಪಡಿಸುವ ಮಿಸ್ಟರ್ ಹ್ಯಾಗುಡ್ ಅವರಿಗೆ ನಮ್ಮ ನಡುವೆ ಆದದ್ದೇನೂ ಗೊತ್ತಿರಲಿಲ್ಲ, ನನ್ನನ್ನೇ ಕರೆದರು. ನಾನು ಬಾಚಣಿಗೆ ಕಾಯಿಸಿಕೊಂಡು ಅವಳ ತಲೆಯ ಬಳಿ ನಿಂತೆ. ಕೂದಲು ನೇರ ಮಾಡುತ್ತಾ ಎಲ್ಲವನ್ನೂ ಹೇಳಿದೆ. ವೀನಿಗೆ ಸಿಟ್ಟಿರಲಿಲ್ಲ ಆರ್ನೆಟಾ, ಎಂದೆ. ಅವಳು ನಗ್ತಿದ್ಲು. ಚಿಕ್ಕವಳಿದ್ದಾಗ ನೀನು ಸಾಲು ಮರೆತ್ರೆ ನಿನ್ನ ನೋಡಿ ನಗ್ತಿದ್ಲಲ್ಲ, ಹಾಗೆ. ಕಾರಲ್ಲಿ ನಿದ್ದೆ ಹತ್ತೋಕೆ ಮುಂಚೆ, ಅಕ್ಕನಿಗೆ ಗಂಟಲು ಒಣಗಿರುತ್ತೆ, ಹೋದ್ ತಕ್ಷಣ ಟೀ ಮಾಡ್ಬೇಕು ಅಂತ ನನ್ನ ಕಿವೀಲಿ ಅಂದ್ಲು. ಇದನ್ನೂ ನಿನಗೆ ಹೇಳ್ಲಿಲ್ಲ ನಾನು. ತಪ್ಪಾಯ್ತು ಕಣೇ.

ಹೇಳಿ ಮುಗಿದ ಮೇಲೆ ಬಾಚಣಿಗೆ ಕೆಳಗಿಟ್ಟೆ. ಕೂದಲು ಚೆನ್ನಾಗಿ ಕೂತಿತ್ತು, ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಆದರೂ ಅಲ್ಲೇ ನಿಂತಿದ್ದೆ. ಮಿಸ್ಟರ್ ಹ್ಯಾಗುಡ್ ಬಾಗಿಲಲ್ಲಿ ಇಣುಕಿದರು.

"ಮುಗೀತಾ, ಮಿಸ್ ಕ್ಲೆಮಿ?"

"ಇನ್ನೂ ಇಲ್ಲ," ಎಂದೆ. "ಸ್ವಲ್ಪ ಹೊತ್ತು ಕೊಡಿ."